ಕಾರ್ಡಿನ ಹೆಸರಲ್ಲೇ ಸೋರುವ ಗುಟ್ಟು: ಟಾಸ್ಕ್ ಆ್ಯಪ್ ಬಳಸುವ ಕ್ಲಿನಿಕ್‌ಗಳಿಗೆ ಹಿಪಾ ಹೇಳುವುದೇನು

‘ಮಿಸೆಸ್ ಡೇವಿಸ್, ಎಂಆರ್‌ಐಗೆ ಇನ್ಶೂರೆನ್ಸ್ ಅಪ್ರೂವಲ್ ಬಂತಾ ಕೇಳಿ. ಗುರುವಾರದೊಳಗೆ.’

ಅಮೆರಿಕದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫ್ರಂಟ್ ಡೆಸ್ಕ್ ನೋಡಿಕೊಳ್ಳುವವರು ಟಾಸ್ಕ್ ಆ್ಯಪ್‌ನಲ್ಲಿ, ಅಂದರೆ ಯಾರು ಏನು ಮಾಡಬೇಕು ಅನ್ನೋದನ್ನು ಒಂದು ಬೋರ್ಡಿನ ಮೇಲೆ ಕಾರ್ಡುಗಳಾಗಿ ಇಡುವ ಆ್ಯಪ್‌ನಲ್ಲಿ, ಹೀಗೊಂದು ಕಾರ್ಡ್ ಮಾಡಿದರು ಅಂದುಕೊಳ್ಳಿ. ಹತ್ತು ಸೆಕೆಂಡಿನ ಕೆಲಸ. ಮರೆತುಹೋಗಬಾರದು ಅಂತ ಬರೆದದ್ದು, ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ಈ ಪುಟ್ಟ ಕಾರ್ಡಿನಲ್ಲಿ ಒಬ್ಬರ ಹೆಸರಿದೆ. ಅವರಿಗೆ ಯಾವ ಪರೀಕ್ಷೆ ಆಗಬೇಕು ಅನ್ನೋದಿದೆ. ಅದಕ್ಕೆ ಇನ್ಶೂರೆನ್ಸ್ ದುಡ್ಡು ಇನ್ನೂ ಪಕ್ಕಾ ಆಗಿಲ್ಲ ಅನ್ನೋದೂ ಇದೆ. ಕ್ಲಿನಿಕ್ಕಿನವರಿಗೆ ಇದು ಜ್ಞಾಪಕದ ಚೀಟಿ. ಅಲ್ಲಿನ ಕಾನೂನಿಗೆ ಇದು ‘ಪಿಎಚ್‌ಐ’, ಅಂದರೆ ರಕ್ಷಣೆ ಕೊಡಲೇಬೇಕಾದ ಆರೋಗ್ಯ ಮಾಹಿತಿ.

ಆ ಕಾನೂನೇ ಹಿಪಾ, ಪೂರ್ತಿ ಹೆಸರು ಹೆಲ್ತ್ ಇನ್ಶೂರೆನ್ಸ್ ಪೋರ್ಟಬಿಲಿಟಿ ಅಂಡ್ ಅಕೌಂಟಬಿಲಿಟಿ ಆ್ಯಕ್ಟ್. 1996ರಲ್ಲಿ ಪಾಸಾಯಿತು. ಹೆಸರಿನಲ್ಲಿರುವ ‘ಪಿ’ ಪ್ರೈವೆಸಿಗೆ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಪೋರ್ಟಬಿಲಿಟಿಯ ‘ಪಿ’. ಕೆಲಸ ಬಿಟ್ಟು ಇನ್ನೊಂದು ಕೆಲಸ ಸೇರಿದವರ ಹೆಲ್ತ್ ಇನ್ಶೂರೆನ್ಸ್ ಕೈತಪ್ಪಬಾರದು ಅನ್ನೋದು ಮೊದಲ ಉದ್ದೇಶಗಳಲ್ಲಿ ಒಂದು. ಗುಟ್ಟು ಕಾಪಾಡುವ ನಿಯಮಗಳು ಆಮೇಲೆ ಒಂದೊಂದಾಗಿ ಬಂದವು. ಪ್ರೈವೆಸಿ ರೂಲ್ ಪಾಲಿಸಬೇಕಾಗಿ ಬಂದದ್ದು 2003ರಲ್ಲಿ, ಸೆಕ್ಯುರಿಟಿ ರೂಲ್ 2005ರಲ್ಲಿ. 2009ರ ಹೈಟೆಕ್ ಕಾಯ್ದೆ ದಂಡ ಏರಿಸಿತು, ಮಾಹಿತಿ ಸೋರಿದರೆ ಹೇಳಿಕೊಳ್ಳಲೇಬೇಕು ಅಂತಲೂ ಮಾಡಿತು. 2013ರ ಆಮ್ನಿಬಸ್ ರೂಲ್ ಸಾಫ್ಟ್‌ವೇರ್ ಮಾರುವವರನ್ನೂ ನೇರವಾಗಿ ಹೊಣೆಗೆ ಸೇರಿಸಿತು. ಟಾಸ್ಕ್ ಆ್ಯಪ್ ಅನ್ನೋ ಪದ ಇವುಗಳಲ್ಲಿ ಎಲ್ಲೂ ಇಲ್ಲ. ಮಾಹಿತಿ ಯಾವ ಡಬ್ಬದಲ್ಲಿದೆ ಅಂತ ಈ ಕಾನೂನು ಕೇಳುವುದಿಲ್ಲ, ಅದಕ್ಕೇ ತೊಂದರೆ.

ಯಾರಿಗೆ ಅನ್ವಯ, ಯಾರಿಗೆ ಅಲ್ಲ

ಎಲೆಕ್ಟ್ರಾನಿಕ್ ಆಗಿ ಕ್ಲೇಮ್ ಕಳಿಸುವ ಡಾಕ್ಟರುಗಳು, ಆಸ್ಪತ್ರೆಗಳು, ಔಷಧ ಅಂಗಡಿಗಳು, ಹೆಲ್ತ್ ಇನ್ಶೂರೆನ್ಸ್ ಕಂಪನಿಗಳು, ನಡುವೆ ಕ್ಲೇಮುಗಳನ್ನು ಬೇಕಾದ ನಮೂನೆಗೆ ಬದಲಾಯಿಸಿ ಕೊಡುವ ಕ್ಲಿಯರಿಂಗ್‌ಹೌಸ್‌ಗಳು. ಇವರೆಲ್ಲ ‘ಕವರ್ಡ್ ಎಂಟಿಟಿ’ಗಳು. ಇವರ ಪರವಾಗಿ ಕೆಲಸ ಮಾಡುತ್ತಾ ರೋಗಿಗಳ ಮಾಹಿತಿ ಇಟ್ಟುಕೊಳ್ಳುವ, ನೋಡುವ, ಕಳಿಸುವ ಹೊರಗಿನವರು ‘ಬಿಸಿನೆಸ್ ಅಸೋಸಿಯೇಟ್’. ಬಿಲ್ಲಿಂಗ್ ಕಂಪನಿ, ಟ್ರಾನ್ಸ್‌ಕ್ರಿಪ್ಷನ್ ಮಾಡುವವರು, ಕ್ಲೌಡ್ ಸ್ಟೋರೇಜ್ ಕೊಡುವವರು ಎಲ್ಲ ಇದರಲ್ಲಿ ಬರುತ್ತಾರೆ. ಬಿಲ್ಲಿಂಗ್ ಕಂಪನಿ ಆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೆ ಆ ಇನ್ನೊಬ್ಬರೂ ಇದೇ ಸಾಲಿಗೆ ಸೇರುತ್ತಾರೆ. ಸರಪಳಿ ಎಷ್ಟು ಉದ್ದವಾದರೂ ಹೊಣೆ ಜೊತೆಗೇ ಹೋಗುತ್ತದೆ.

ಇನ್ನೊಂದು ಕಡೆಯೂ ಹೇಳಿಬಿಡಬೇಕು, ಯಾಕೆಂದರೆ ಹಿಪಾ ಹೆಸರು ಹೇಳಿ ಸುಮ್ನೆ ಹೆದರಿಸುವವರೂ ಜಾಸ್ತಿ. ನಿಮ್ಮದೇ ಬಿಪಿ ಮಾತ್ರೆಯ ರಿಮೈಂಡರ್ ಅನ್ನು ನಿಮ್ಮದೇ ಟು-ಡೂ ಆ್ಯಪ್‌ನಲ್ಲಿ ಹಾಕಿಕೊಂಡರೆ ಹಿಪಾಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್ ತನ್ನ ಬೋರ್ಡಿನಲ್ಲಿ ‘ಇವರಿಗೆ ಆಪರೇಷನ್, ಎರಡು ವಾರ ರಜೆ’ ಅಂತ ಬರೆದರೂ ಅದು ಹಿಪಾ ವಿಷಯ ಅಲ್ಲ. ನೌಕರಿಯ ದಾಖಲೆಗಳನ್ನು ಹಿಪಾ ಹೊರಗೇ ಇಟ್ಟಿದೆ. ಹಾಗಂತ ಬರೆಯಬಹುದು ಅಂತಲ್ಲ. ನೌಕರರ ವೈದ್ಯಕೀಯ ವಿವರ ಗುಟ್ಟಾಗಿಡಿ ಅಂತ ಅಂಗವಿಕಲರ ಹಕ್ಕಿನ ಕಾಯ್ದೆ, ಎಡಿಎ, ಹೇಳುತ್ತದೆ.

ಒಂದು ಕಾರ್ಡಿನ ಪ್ರಯಾಣ

ಈಗ ಡೇವಿಸ್ ಅವರ ಕಾರ್ಡಿನ ಹಿಂದೆಯೇ ಹೋಗೋಣ. ಈ ವಿಷಯವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಸೇವ್ ಒತ್ತಿದ ಕೂಡಲೇ ಕಾರ್ಡ್ ಆ್ಯಪ್ ಕಂಪನಿಯ ಸರ್ವರಿಗೆ ಹೋಗಿ ಕೂತಿತು. ಅದನ್ನು ಬಿಲ್ಲಿಂಗ್ ನೋಡುವ ಸಹೋದ್ಯೋಗಿಗೆ ಅಸೈನ್ ಮಾಡಿದರು. ಅವರಿಗೊಂದು ಇಮೇಲ್ ಹೋಯಿತು. ಸಬ್ಜೆಕ್ಟ್ ಸಾಲಿನಲ್ಲಿ ಇದ್ದದ್ದು ಕಾರ್ಡಿನ ಹೆಸರೇ. ಅವರ ಮೊಬೈಲ್ ಕೌಂಟರಿನ ಮೇಲೆ ಬಿದ್ದಿತ್ತು. ಲಾಕ್ ತೆಗೆಯದೆಯೇ ಸ್ಕ್ರೀನಿನ ಮೇಲೆ ‘ಮಿಸೆಸ್ ಡೇವಿಸ್, ಎಂಆರ್‌ಐಗೆ’ ಅಂತ ಮಿನುಗಿತು. ಎದುರಿಗೆ ನಿಂತಿದ್ದ ಇನ್ನೊಬ್ಬ ರೋಗಿ ಅದೇ ಬಡಾವಣೆಯವರಾಗಿರಬಹುದು. ಇದು ಮೊದಲ ನಿಮಿಷದ ಕತೆ.

ಆಫೀಸಿನವರು ಹಿಂದೆ ಯಾವಾಗಲೋ ಬೋರ್ಡನ್ನು ಚಾಟ್ ಆ್ಯಪ್‌ಗೆ ಜೋಡಿಸಿದ್ದರು. ಹೊಸ ಕಾರ್ಡ್ ಬಂದರೆ ಎಲ್ಲರ ಗ್ರೂಪಿಗೂ ಒಂದು ಸಾಲು ಹೋಗುತ್ತದೆ. ಆ ಗ್ರೂಪಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಹೊರಗಿನವರೂ ಇದ್ದಾರೆ. ಗುರುವಾರದ ಡ್ಯೂ ಡೇಟ್ ಹಾಕಿದ್ದರಿಂದ ಕಾರ್ಡ್ ಕ್ಯಾಲೆಂಡರಿಗೂ ಹೋಯಿತು. ಆ ಕ್ಯಾಲೆಂಡರ್ ಒಂದು ಲಿಂಕ್ ಮೂಲಕ ಯಾರ್ಯಾರದೋ ಸ್ವಂತ ಫೋನಿನಲ್ಲಿ ತೆರೆದಿದೆ. ಮಾಡಿದ ಕೆಲಸಗಳನ್ನೆಲ್ಲ ಒಂದು ಸ್ಪ್ರೆಡ್‌ಶೀಟಿಗೆ ತಾನಾಗಿ ತುಂಬುವ ಆಟೊಮೇಷನ್ ಬೇರೆ. ವಾರದ ಕೊನೆಗೆ ಬೋರ್ಡಿನ ಸಾರಾಂಶ ಬರೆದುಕೊಡುವ ಎಐ ಸಹಾಯಕ ಇನ್ನೊಂದು.

ಯಾರೋ ನೋಡಿ, ‘ಅಯ್ಯೋ, ಹೆಸರು ಹಾಕಬಾರದಿತ್ತು ಅಲ್ವಾ’ ಅಂದರು. ಕೂಡಲೇ ಕಾರ್ಡಿನ ಹೆಸರು ಬದಲಾಯಿಸಿದರು. ಬೋರ್ಡ್ ಮೇಲೆ ಬದಲಾಯಿತು, ನಿಜ. ಆದರೆ ಕಾರ್ಡಿನ ಚಟುವಟಿಕೆ ಪಟ್ಟಿಯಲ್ಲಿ ‘ಹಳೆಯ ಹೆಸರು ಇಂಥದ್ದು, ಹೊಸ ಹೆಸರು ಇಂಥದ್ದು’ ಅಂತ ಬರೆದು ಕೂತಿದೆ. ಇಮೇಲ್ ಹಾಗೇ ಇದೆ. ಚಾಟ್ ಸಾಲು ಹಾಗೇ ಇದೆ. ಸ್ಪ್ರೆಡ್‌ಶೀಟಿನ ಸಾಲೂ ಹಾಗೇ. ಒಂದು ಕಾರ್ಡ್ ಅಂದುಕೊಂಡಿದ್ದು ಏಳೆಂಟು ಪ್ರತಿಯಾಗಿದೆ.

ಅದಕ್ಕೇ ನನಗೆ ಅನ್ನಿಸುವುದು ಇಷ್ಟು: ಟಾಸ್ಕ್ ಆ್ಯಪ್‌ನಲ್ಲಿ ಗುಟ್ಟು ಸೋರುವುದು ಹ್ಯಾಕರ್ ಬಂದಾಗಷ್ಟೇ ಅಲ್ಲ. ಆ್ಯಪ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದಾಗಲೂ ಸೋರುತ್ತದೆ. ನಾಲ್ಕು ಜನಕ್ಕೆ ಬೇಗ ತಿಳಿಸೋದೇ ಅದರ ಕಸುಬು.

ಸಹಿ ಇಲ್ಲದಿದ್ದರೆ ಮಾತೇ ಇಲ್ಲ

ಇಷ್ಟು ಕೇಳಿದ ಮೇಲೆ ಮೊದಲ ಪ್ರಶ್ನೆ: ರೋಗಿಗಳ ಮಾಹಿತಿಯನ್ನು ಟಾಸ್ಕ್ ಆ್ಯಪ್‌ನಲ್ಲಿ ಹಾಕಲೇಬಾರದಾ? ಹಾಕಬಹುದು. ಆದರೆ ಮೊದಲು ಆ ಆ್ಯಪ್ ಕಂಪನಿಯ ಜೊತೆ ‘ಬಿಸಿನೆಸ್ ಅಸೋಸಿಯೇಟ್ ಅಗ್ರಿಮೆಂಟ್’ ಆಗಿರಬೇಕು. ಚಿಕ್ಕದಾಗಿ ಬಿಎಎ. ಮಾಹಿತಿಯನ್ನು ಯಾತಕ್ಕೆ ಬಳಸಬಹುದು, ಹೇಗೆ ಕಾಪಾಡಬೇಕು, ಸೋರಿದರೆ ಕ್ಲಿನಿಕ್ಕಿಗೆ ತಿಳಿಸಬೇಕು, ಕರಾರು ಮುಗಿದಾಗ ವಾಪಸ್ ಕೊಡಬೇಕು ಇಲ್ಲವೇ ನಾಶ ಮಾಡಬೇಕು ಅಂತೆಲ್ಲ ಅದರಲ್ಲಿರುತ್ತದೆ.

‘ನಮ್ಮ ಮಾಹಿತಿ ಎನ್‌ಕ್ರಿಪ್ಟ್ ಆಗಿದೆ, ಕಂಪನಿಯವರಿಗೇ ಕಾಣುವುದಿಲ್ಲ, ಅವರ ಜೊತೆ ಕರಾರು ಯಾಕೆ?’ ಅಂತ ವಾದ ಮಾಡುವವರಿದ್ದಾರೆ. ಅಮೆರಿಕದ ಆರೋಗ್ಯ ಇಲಾಖೆ 2016ರಲ್ಲಿ ಕ್ಲೌಡ್ ಸೇವೆಗಳ ಬಗ್ಗೆ ಕೊಟ್ಟ ಮಾರ್ಗದರ್ಶಿ ಈ ವಾದಕ್ಕೆ ನೇರ ಉತ್ತರ ಕೊಟ್ಟಿದೆ. ಬೀಗದ ಕೈ ನಿಮ್ಮ ಹತ್ತಿರವೇ ಇದ್ದರೂ, ಪೆಟ್ಟಿಗೆ ಇಟ್ಟುಕೊಂಡವರು ಬಿಸಿನೆಸ್ ಅಸೋಸಿಯೇಟೇ. ಕರಾರು ಬೇಕು.

ಕರಾರು ಸಿಗುವುದೂ ಅಷ್ಟು ಸುಲಭ ಅಲ್ಲ. ಎಷ್ಟೋ ಕಂಪನಿಗಳು ಫ್ರೀ ಪ್ಲಾನಿಗೆ ಸಹಿ ಹಾಕುವುದಿಲ್ಲ, ತೀರಾ ಮೇಲಿನ ಪ್ಲಾನಿಗೆ ಮಾತ್ರ ಹಾಕುತ್ತವೆ. ಹಾಕಿದರೂ ಷರತ್ತು ಇರುತ್ತದೆ. ಇಂಥ ಫೀಚರಿಗೆ ಕರಾರು ಅನ್ವಯ ಇಲ್ಲ, ಫೈಲ್ ಹೆಸರಿನಲ್ಲಿ, ಲೇಬಲ್ಲಿನಲ್ಲಿ, ಪ್ರೊಫೈಲಿನಲ್ಲಿ ರೋಗಿಯ ವಿವರ ಹಾಕಬೇಡಿ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ಪುಟ ಓದದೆ ಸಹಿ ಮಾಡಿದರೆ ಸಹಿಗೆ ಅರ್ಧ ಬೆಲೆ. ಇನ್ನು ಚಾಟ್, ಕ್ಯಾಲೆಂಡರ್, ಆಟೊಮೇಷನ್, ಎಐ ಸಹಾಯಕ? ಬೇರೆ ಕಂಪನಿಯದ್ದಾದರೆ ಪ್ರತಿಯೊಂದಕ್ಕೂ ಬೇರೆ ಕರಾರು. ಟಾಸ್ಕ್ ಆ್ಯಪ್ ಜೊತೆ ಆದ ಸಹಿ ಅವಕ್ಕೆ ಹರಿದು ಹೋಗುವುದಿಲ್ಲ.

‘ಹಿಪಾ ಸರ್ಟಿಫೈಡ್’ ಅನ್ನೋ ಬ್ಯಾಡ್ಜ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಸರ್ಕಾರ ಅಂಥ ಸರ್ಟಿಫಿಕೇಟ್ ಯಾರಿಗೂ ಕೊಡುವುದಿಲ್ಲ, ಖಾಸಗಿಯವರು ಕೊಟ್ಟಿದ್ದನ್ನು ಮಾನ್ಯ ಮಾಡುವುದೂ ಇಲ್ಲ.

ಇದೆಲ್ಲ ಬರೀ ಕಾಗದದ ಮೇಲಿನ ಭಯವಾ ಅಂತ ಕೇಳಿದರೆ, ಅಲ್ಲ. ಹಿಪಾ ದೂರುಗಳನ್ನು ನೋಡುವುದು ಅದೇ ಆರೋಗ್ಯ ಇಲಾಖೆಯ ಆಫೀಸ್ ಫಾರ್ ಸಿವಿಲ್ ರೈಟ್ಸ್. ಅರಿಜೋನಾದ ಫೀನಿಕ್ಸ್ ಕಾರ್ಡಿಯಾಕ್ ಸರ್ಜರಿ ಅನ್ನೋ ಹೃದ್ರೋಗ ಕ್ಲಿನಿಕ್ ರೋಗಿಗಳ ಅಪಾಯಿಂಟ್‌ಮೆಂಟುಗಳನ್ನೂ ಆಪರೇಷನ್ ದಿನಗಳನ್ನೂ ಇಂಟರ್ನೆಟ್ಟಿನ ಒಂದು ಕ್ಯಾಲೆಂಡರಿನಲ್ಲಿ ಬರೆಯುತ್ತಿತ್ತು. ಆ ಕ್ಯಾಲೆಂಡರ್ ಯಾರು ಬೇಕಾದರೂ ನೋಡುವ ಹಾಗೆ ತೆರೆದಿತ್ತು. ಕ್ಯಾಲೆಂಡರ್ ಕಂಪನಿಯ ಜೊತೆ ಕರಾರೂ ಇರಲಿಲ್ಲ. 2012ರಲ್ಲಿ 1,00,000 ಡಾಲರ್ ಕೊಟ್ಟು ರಾಜಿ ಆಯಿತು. ಪೋರ್ಟ್‌ಲ್ಯಾಂಡಿನ ಓರೆಗಾನ್ ಹೆಲ್ತ್ ಅಂಡ್ ಸೈನ್ಸ್ ಯೂನಿವರ್ಸಿಟಿಯದ್ದು ಇನ್ನೂ ಹತ್ತಿರದ ಕತೆ. ಅಲ್ಲಿನ ರೆಸಿಡೆಂಟ್ ಡಾಕ್ಟರುಗಳು ಯಾವ ರೋಗಿ ದಾಖಲಾಗಿದ್ದಾರೆ ಅಂತ ಒಬ್ಬರಿಗೊಬ್ಬರು ತಿಳಿಸಲು ಕ್ಲೌಡಿನಲ್ಲಿ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡಿದ್ದರು. 3,000ಕ್ಕೂ ಹೆಚ್ಚು ಜನರ ವಿವರ, ಕರಾರು ಇಲ್ಲ. ಎನ್‌ಕ್ರಿಪ್ಟ್ ಮಾಡಿರದ ಲ್ಯಾಪ್‌ಟಾಪುಗಳ ವಿಷಯವೂ ಸೇರಿ 2016ರಲ್ಲಿ 27 ಲಕ್ಷ ಡಾಲರಿಗೆ ರಾಜಿ ಆಯಿತು. ಆ ಶೀಟ್ ಮಾಡಿದವರು ಸೋಮಾರಿಗಳೇನಲ್ಲ. ಮುಂದಿನ ಶಿಫ್ಟಿನವರಿಗೆ ವಿಷಯ ಸರಿಯಾಗಿ ಮುಟ್ಟಲಿ ಅನ್ನುವವರೇ ಇಂಥ ಶೀಟ್ ಮಾಡೋದು. ಕೊಟ್ಟ ಸಾಫ್ಟ್‌ವೇರ್ ನಿಧಾನವಾದಾಗ ಜನ ಪಕ್ಕದ ದಾರಿ ಹುಡುಕುತ್ತಾರೆ. ಈ ವಿಷಯದಲ್ಲಿ ಬರೀ ‘ಮಾಡಬೇಡಿ’ ಅಂತ ಮೆಮೊ ಕಳಿಸುವ ಆಡಳಿತಗಳ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಸರಿಯಾದ ದಾರಿ ಸಲೀಸಾಗಿರಬೇಕು.

ಇನಿಶಿಯಲ್ಸ್ ಹಾಕಿದರೆ ಆಯ್ತಲ್ಲ?

ಇಲ್ಲ. ಇದು ತುಂಬಾ ಜನ ಎಡವುವ ಜಾಗ.

ಮಾಹಿತಿಯಿಂದ ಗುರುತು ತೆಗೆಯಲು ಹಿಪಾ ಎರಡು ದಾರಿ ಕೊಡುತ್ತದೆ. ಒಂದು, ಈ ವಿದ್ಯೆ ಗೊತ್ತಿರುವ ತಜ್ಞರಿಂದ ಪರಿಶೀಲನೆ. ಇನ್ನೊಂದು ‘ಸೇಫ್ ಹಾರ್ಬರ್’: 18 ಬಗೆಯ ಗುರುತುಗಳನ್ನು ಪೂರ್ತಿ ತೆಗೆಯಬೇಕು. ಹೆಸರು, ಫೋನ್, ಇಮೇಲ್, ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ಗುರುತಿನ ನಂಬರ್) ಎಲ್ಲರಿಗೂ ಹೊಳೆಯುತ್ತವೆ. ಮೆಡಿಕಲ್ ರೆಕಾರ್ಡ್ ನಂಬರ್ ಕೂಡ ಪಟ್ಟಿಯಲ್ಲಿದೆ ಅನ್ನೋದು ಅಷ್ಟು ಹೊಳೆಯುವುದಿಲ್ಲ. ಇನ್ಶೂರೆನ್ಸ್ ಸದಸ್ಯತ್ವದ ನಂಬರ್, ಕಾರಿನ ನಂಬರ್ ಪ್ಲೇಟ್, ದೇಹದೊಳಗೆ ಕೂರಿಸಿದ ಸಾಧನದ ಸೀರಿಯಲ್ ನಂಬರ್, ಮುಖ ಪೂರ್ತಿ ಕಾಣುವ ಫೋಟೊ, ಐಪಿ ಅಡ್ರೆಸ್, ರಾಜ್ಯಕ್ಕಿಂತ ಚಿಕ್ಕ ಜಾಗದ ಹೆಸರು ಎಲ್ಲವೂ ಇವೆ. 89ಕ್ಕಿಂತ ಹೆಚ್ಚಿನ ವಯಸ್ಸು ಹಾಕುವ ಹಾಗಿಲ್ಲ, ‘90 ಅಥವಾ ಅದಕ್ಕಿಂತ ಹೆಚ್ಚು’ ಅಂತ ಒಂದೇ ಗುಂಪಿಗೆ ಸೇರಿಸಬೇಕು. ಅಷ್ಟು ವಯಸ್ಸಿನವರು ಒಂದೂರಿನಲ್ಲಿ ಎಷ್ಟು ಜನ ಇದ್ದಾರು, ಹುಡುಕುವುದು ಸುಲಭ.

ಇನಿಶಿಯಲ್ಸ್ ಹೆಸರಿನ ತುಂಡು. ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಆ ನಂಬರಿನ ತುಂಡು. ತುಂಡು ಉಳಿದಿದ್ದರೆ ಸೇಫ್ ಹಾರ್ಬರ್ ಆಗುವುದಿಲ್ಲ ಅಂತ ಇಲಾಖೆಯ ಮಾರ್ಗದರ್ಶಿ ಬಾಯಿಬಿಟ್ಟು ಹೇಳಿದೆ.

ದಿನಾಂಕ ಇನ್ನೊಂದು ಬಲೆ. ದಾಖಲಾದ ದಿನ, ಡಿಸ್ಚಾರ್ಜ್ ಆದ ದಿನ, ಹುಟ್ಟಿದ ದಿನ, ಇವುಗಳಲ್ಲಿ ವರ್ಷ ಮಾತ್ರ ಉಳಿಸಬಹುದು. ಟಾಸ್ಕ್ ಆ್ಯಪ್‌ನಲ್ಲಿ ದಿನಾಂಕ ಇಲ್ಲದ ಕಾರ್ಡೇ ಇಲ್ಲ ಅನ್ನಿ. ‘ಗುರುವಾರದೊಳಗೆ ಫೋನ್ ಮಾಡಿ’ ಅನ್ನೋದು ನಿಮ್ಮ ಕೆಲಸದ ಗಡುವು. ಆದರೆ ಗುರುವಾರವೇ ರೋಗಿಯ ಆಪರೇಷನ್ ಆಗಿದ್ದು ಅದನ್ನೇ ಡ್ಯೂ ಡೇಟ್ ಮಾಡಿದರೆ ಅದು ರೋಗಿಯ ದಿನಾಂಕವಾಯಿತು. ಒಂದು ದಿನ ಹಿಂದಿನ ಗಡುವು ಇಟ್ಟರೆ ಕೆಲಸಕ್ಕೂ ಒಳ್ಳೆಯದು, ಗುಟ್ಟಿಗೂ ಒಳ್ಳೆಯದು.

ಹಾಗಾದರೆ ಕಾರ್ಡಿನಲ್ಲಿ ಏನು ಬರೆಯುವುದು

ಡೇವಿಸ್ ಅವರ ಕಾರ್ಡನ್ನು ಹೀಗೆ ಬರೆದು ನೋಡಿ: ‘ಟಿ-4471: ಅಪ್ರೂವಲ್ ಫಾಲೋಅಪ್. ವಿವರ ಚಾರ್ಟಿನಲ್ಲಿದೆ.’

ಟಿ-4471 ಅನ್ನೋದು ಟಾಸ್ಕ್ ಆ್ಯಪ್ ತಾನೇ ಕೊಟ್ಟ ನಂಬರ್. ರೋಗಿಯ ಹೆಸರಿನಿಂದಾಗಲೀ ಹುಟ್ಟಿದ ದಿನದಿಂದಾಗಲೀ ಹುಟ್ಟಿದ್ದಲ್ಲ. ಆ ನಂಬರನ್ನು ರೋಗಿಯ ಚಾರ್ಟಿನಲ್ಲಿ, ಅಂದರೆ ಎಲೆಕ್ಟ್ರಾನಿಕ್ ಹೆಲ್ತ್ ರೆಕಾರ್ಡಿನಲ್ಲಿ, ಒಂದು ಕಡೆ ಬರೆದಿಡಿ. ಬಿಲ್ಲಿಂಗ್‌ನವರು ಚಾರ್ಟಿನಲ್ಲಿ ಆ ನಂಬರ್ ಹುಡುಕಿದರೆ ಡೇವಿಸ್ ಸಿಗುತ್ತಾರೆ. ಟಾಸ್ಕ್ ಆ್ಯಪ್ ಮಾತ್ರ ಕೈಯಲ್ಲಿದ್ದವರಿಗೆ ಏನೂ ಸಿಗುವುದಿಲ್ಲ. ಹಿಪಾ ಇಂಥ ಕೋಡನ್ನು ಒಪ್ಪುತ್ತದೆ. ಷರತ್ತು ಎರಡೇ: ಕೋಡ್ ರೋಗಿಯ ಮಾಹಿತಿಯಿಂದ ಬಂದಿರಬಾರದು, ಅದನ್ನು ಬಿಡಿಸುವ ಬಗೆ ಹೊರಗೆ ಹೋಗಬಾರದು.

ಈಗ ಇಮೇಲ್ ಹೋಗಲಿ, ಲಾಕ್ ಸ್ಕ್ರೀನ್ ಮಿನುಗಲಿ, ಚಾಟ್ ಗ್ರೂಪಿಗೆ ಸಾಲು ಬೀಳಲಿ. ‘ಟಿ-4471: ಅಪ್ರೂವಲ್ ಫಾಲೋಅಪ್’ ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಲಸ ಏನು ಅನ್ನೋದು ಕಾರ್ಡಿನಲ್ಲಿ, ಯಾರದ್ದು ಅನ್ನೋದು ಚಾರ್ಟಿನಲ್ಲಿ.

ಇದರಿಂದ ಕೆಲಸ ಸ್ವಲ್ಪ ನಿಧಾನ ಆಗುತ್ತದೆ, ಸುಳ್ಳು ಹೇಳಬಾರದು. ಎರಡು ಕಿಟಕಿ ತೆರೆದಿಡಬೇಕು. ಮೊದಲ ವಾರ ಎಲ್ಲರೂ ಗೊಣಗುತ್ತಾರೆ. ಕಾಮೆಂಟಿನಲ್ಲಿ ಯಾರಾದರೂ ‘ಡೇವಿಸ್ ಮಗಳು ಫೋನ್ ಮಾಡಿದ್ದಳು’ ಅಂತ ಬರೆದೇ ಬರೆಯುತ್ತಾರೆ. ಸ್ಕ್ರೀನ್‌ಶಾಟ್ ಅಂಟಿಸುವವರನ್ನಂತೂ ತಡೆಯುವುದು ಕಷ್ಟ. ಮೂಲೆಯಲ್ಲಿ ಇನ್ನೊಬ್ಬ ರೋಗಿಯ ಹೆಸರು ಕಾಣುತ್ತಿರುತ್ತದೆ, ಅಂಟಿಸಿದವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಹೆಸರಿಲ್ಲದ ಕಾರ್ಡ್ ಬರೆಯುವ ಅಭ್ಯಾಸ ಇದ್ದರೂ ಬಿಎಎ ಸಹಿ ಇರಲೇಬೇಕು ಅಂತ ನಾನು ಹೇಳುತ್ತೇನೆ. ಒಂದು ಬೇಲಿ ಮುರಿದರೆ ಇನ್ನೊಂದು ಇರಲಿ.

ಸೆಟ್ಟಿಂಗುಗಳ ವಿಷಯ ಬೇಗ ಮುಗಿಸುತ್ತೇನೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇರಬೇಕು. ‘ಫ್ರಂಟ್‌ಡೆಸ್ಕ್’ ಅಂತ ಒಂದೇ ಐಡಿಯನ್ನು ಐದು ಜನ ಬಳಸುವ ಹಾಗಿಲ್ಲ, ಸೆಕ್ಯುರಿಟಿ ರೂಲಿನಲ್ಲಿ ಇದು ಕಡ್ಡಾಯ. ಯಾರು ಯಾವಾಗ ಏನು ನೋಡಿದರು ಅನ್ನೋ ಲಾಗ್ ಇರಬೇಕು. ಲಿಂಕ್ ಇದ್ದವರೆಲ್ಲ ನೋಡಬಹುದಾದ ಬೋರ್ಡ್ ಇರಲೇಬಾರದು. ಇಮೇಲ್ ನೋಟಿಫಿಕೇಷನ್ನಿನಲ್ಲಿ ಕಾರ್ಡಿನ ಪಠ್ಯ ಬಾರದ ಹಾಗೆ ಮಾಡಲು ಆ್ಯಪ್ ಬಿಟ್ಟರೆ ಮಾಡಿ. ಎನ್‌ಕ್ರಿಪ್ಷನ್ ಈ ರೂಲಿನಲ್ಲಿ ‘ಅಡ್ರೆಸಬಲ್’ ಅನ್ನೋ ಗುಂಪಿನಲ್ಲಿದೆ. ಅದನ್ನು ‘ಬೇಕಿದ್ದರೆ ಮಾಡಿ’ ಅಂತ ಓದಿಕೊಂಡವರು ಕೆಟ್ಟರು. ಮಾಡಿ, ಇಲ್ಲವೇ ಯಾಕೆ ಮಾಡಲಿಲ್ಲ, ಬದಲಿಗೆ ಏನು ಮಾಡಿದಿರಿ ಅಂತ ಬರೆದಿಡಿ ಅನ್ನೋದು ಅದರ ಅರ್ಥ. ‘ಕಡ್ಡಾಯ’ ಮತ್ತು ‘ಅಡ್ರೆಸಬಲ್’ ಅನ್ನೋ ಈ ಗುಂಪುಗಳ ವ್ಯತ್ಯಾಸವನ್ನೇ ಹೆಚ್ಚುಕಮ್ಮಿ ತೆಗೆದುಹಾಕುವ ಕರಡು ನಿಯಮವನ್ನು 2025ರ ಜನವರಿಯಲ್ಲಿ ಪ್ರಕಟಿಸಿದ್ದಾರೆ.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ರಿಸ್ಕ್ ಅನಾಲಿಸಿಸ್. ದೊಡ್ಡ ಹೆಸರು, ಆದರೆ ಮೇಲೆ ಡೇವಿಸ್ ಅವರ ಕಾರ್ಡಿನ ಹಿಂದೆ ಹೋದೆವಲ್ಲ, ಅದೇ ಕೆಲಸದ ಶುರು. ಮಾಹಿತಿ ಎಲ್ಲಿಂದ ಹೊರಟು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಕಾಗದದ ಮೇಲೆ ಬಾಣ ಹಾಕಿ. ಎಲ್ಲಿ ಸೋರಬಹುದು, ಸೋರಿದರೆ ಎಷ್ಟು ಕೆಡುಕು ಅಂತ ಪಕ್ಕದಲ್ಲಿ ಬರೆಯಿರಿ. ಮಸಾಚುಸೆಟ್ಸಿನ ಸೇಂಟ್ ಎಲಿಜಬೆತ್ಸ್ ಮೆಡಿಕಲ್ ಸೆಂಟರ್ 2015ರಲ್ಲಿ 2,18,400 ಡಾಲರ್ ಕೊಟ್ಟ ಪ್ರಕರಣದಲ್ಲಿ ಒಂದು ಮುಖ್ಯ ಆಕ್ಷೇಪ ಇದೇ. ಸಿಬ್ಬಂದಿ ಇಂಟರ್ನೆಟ್ಟಿನ ಫೈಲ್ ಹಂಚುವ ಆ್ಯಪ್‌ನಲ್ಲಿ ಕನಿಷ್ಠ 498 ಜನರ ದಾಖಲೆ ಇಟ್ಟಿದ್ದರು, ಅದರ ಅಪಾಯವನ್ನು ಯಾರೂ ಕೂತು ಲೆಕ್ಕ ಹಾಕಿರಲಿಲ್ಲ. ಈ ಕಾಗದಗಳನ್ನೂ ನೀತಿಗಳನ್ನೂ ಆರು ವರ್ಷ ಕಾಪಿಡಬೇಕು.

ಸೋರಿಯೇ ಬಿಟ್ಟರೆ

ಸದ್ದಿಲ್ಲದೆ ಕಾರ್ಡ್ ಡಿಲೀಟ್ ಮಾಡುವುದು ಅತಿ ಕೆಟ್ಟ ದಾರಿ. ಏನಾಯಿತು ಅನ್ನೋದಕ್ಕೆ ಸಾಕ್ಷಿ ಅದೊಂದೇ ಇರಬಹುದು. ಮೊದಲು ಬೋರ್ಡ್ ಮುಚ್ಚಿ, ಲಾಗ್ ತೆಗೆದಿಡಿ, ಕ್ಲಿನಿಕ್ಕಿನ ಪ್ರೈವೆಸಿ ಆಫೀಸರಿಗೆ ಹೇಳಿ. ಅವರು ನಾಲ್ಕು ವಿಷಯ ನೋಡುತ್ತಾರೆ: ಯಾವ ಬಗೆಯ ಮಾಹಿತಿ, ಯಾರ ಕೈಗೆ ಸಿಕ್ಕಿತು, ಅವರು ನಿಜವಾಗಿ ನೋಡಿದರಾ, ಕೆಡುಕನ್ನು ಎಷ್ಟು ತಡೆಯಲು ಆಯಿತು. ಮಾಹಿತಿ ದುರುಪಯೋಗಕ್ಕೆ ಸಿಕ್ಕಿರುವ ಸಾಧ್ಯತೆ ಕಡಿಮೆ ಅಂತ ತೋರಿಸಲು ಆಗದಿದ್ದರೆ ಅದು ಬ್ರೀಚ್, ಅಂದರೆ ಕಾನೂನಿನ ಲೆಕ್ಕದಲ್ಲಿ ಸೋರಿಕೆ. ಗೊತ್ತಾದ ದಿನದಿಂದ ಸುಮ್ನೆ ತಡ ಮಾಡದೆ, ಹೆಚ್ಚೆಂದರೆ 60 ದಿನದೊಳಗೆ ರೋಗಿಗಳಿಗೆ ತಿಳಿಸಬೇಕು. 500 ಅಥವಾ ಹೆಚ್ಚು ಜನರದ್ದಾದರೆ ಇಲಾಖೆಗೂ ಅದೇ ಗಡುವು. ಒಂದೇ ರಾಜ್ಯದ 500ಕ್ಕೂ ಹೆಚ್ಚು ಜನರಿದ್ದರೆ ಅಲ್ಲಿನ ಪತ್ರಿಕೆ, ಟಿವಿಗಳಿಗೂ ಹೇಳಬೇಕು. ಕಡಿಮೆ ಜನರಾದರೆ ಇಲಾಖೆಗೆ ವರ್ಷದ ಲೆಕ್ಕದಲ್ಲಿ ಕೊಡಬಹುದು, ರೋಗಿಗಳಿಗೆ ಮಾತ್ರ ಅದೇ 60 ದಿನ.

ಕೊನೆಗೊಂದು ಜಾಗ, ಯಾರಿಗೂ ನೆನಪಾಗದ್ದು. ಕ್ಲಿನಿಕ್ ಒಂದು ದಿನ ಆ್ಯಪ್ ಬದಲಾಯಿಸುತ್ತದೆ. ಹಳೆಯ ಕಂಪನಿ ಕರಾರಿನ ಪ್ರಕಾರ ಎಲ್ಲ ಅಳಿಸಿ ಪತ್ರ ಕೊಡುತ್ತದೆ. ಆದರೆ ಅದಕ್ಕೂ ಮೊದಲು ಯಾರೋ ಬೋರ್ಡನ್ನು ಸಿಎಸ್‌ವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಹೊಸ ಆ್ಯಪ್‌ಗೆ ಏರಿಸಿರುತ್ತಾರೆ. ಹಳೆಯ ಕಾರ್ಡುಗಳ ಹೆಸರು, ಕಾಮೆಂಟು, ದಿನಾಂಕ ಎಲ್ಲ ಅದರಲ್ಲಿವೆ. ಆ ಫೈಲ್ ಅವರ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ಯಾವುದೋ ಮೀಟಿಂಗಿನ ಪಿಡಿಎಫ್ ಕೆಳಗೆ, ಇನ್ನೂ ಹಾಗೇ ಕೂತಿದೆ.